ಮಾವನ ಜರಿಯಂಚಿನ ಸ್ಲೈಡು

ನಮ್ಮ ಮಾವನ ಪಾಠಕ್ಕೆ ತಲೆನೋವಿನ ಮಾತ್ರೆ ಇಟ್ಟುಕೊಂಡೇ ಹೋಗಬೇಕು ಎಂದರೆ ನೀವು ನಂಬುವುದಿಲ್ಲ. ಹಾಗಂತ ಮಾವ ಕೆಟ್ಟ ಮೇಷ್ಟ್ರಲ್ಲ ಸ್ವಾಮಿ! ಹನೂರು ಸೀಮೆಯಲ್ಲಿ ಅವರಷ್ಟು ಸೊಗಸಾಗಿ ವಿಜ್ಞಾನ ಹೇಳುವವರೇ ಇರಲಿಲ್ಲ. ಎಲ್ಲ ಕೆಟ್ಟದ್ದು ಸ್ಲೈಡಿನಿಂದ. ಸ್ಲೈಡು ಮಾಡಲು ಕಲಿಸಿದ ಪಾಪಿ ನಾನೇ.

ಮಾವ ಹುಟ್ಟಿದ್ದು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯಲ್ಲಿ. ಅವರು ಮಗ್ಗ ಬಿಟ್ಟರೂ ಮಗ್ಗ ಅವರನ್ನು ಬಿಡಲಿಲ್ಲ. ಶಾಲೆಗೆ ಪ್ರೊಜೆಕ್ಟರ್ ಬಂದದ್ದೇ ತಡ, ಪ್ರತಿ ಸ್ಲೈಡಿಗೂ ಎರಡು ಕಡೆ ಜರಿಯಂಚು, ಒಡಲ ತುಂಬ ಅಕ್ಷರ, ಅಕ್ಷರದ ಸಂದಿಯಲ್ಲೆಲ್ಲ ಬುಟ್ಟಾ. ಕೊನೆಯ ಸ್ಲೈಡಂತೂ ಸಾಕ್ಷಾತ್ ಸೆರಗು! ಹೃದಯದ ಪಾಠದಲ್ಲಿ ನಾಲ್ಕು ಕೋಣೆ ಹುಡುಕಿಕೊಂಡು ಹೋದ ನನಗೆ ಸಿಕ್ಕಿದ್ದು ಹನ್ನೊಂದು ನವಿಲು.

"ಮಾವ, ಒಸಿ ಜಾಗ ಖಾಲಿ ಬುಡಿ."

"ಲೇ, ಖಾಲಿ ಬುಟ್ರೆ ನೂಲು ಸಾಲ್ದೆ ಓಯ್ತು ಅಂತಾರೆ ಕಣ್ಲಾ!"

ಯಾರು ಅನ್ನುತ್ತಾರೆ? ಹತ್ತನೇ ಕ್ಲಾಸಿನ ಮಕ್ಕಳೇ? ನನಗಂತೂ ತಿಳಿಯಲಿಲ್ಲ.

ಮಾವನಿಗೂ ಒಂದು ತಿಳಿಯುತ್ತಿರಲಿಲ್ಲ. ಮಾರ್ಟಳ್ಳಿ ಕಡೆಯ ಒಬ್ಬ ಹುಡುಗಿ, ಬಾಯಿಮಾತಿನ ಪಾಠದ ಕಾಲದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು, ಸ್ಲೈಡು ಬಂದಮೇಲೆ ತುಟಿ ಪಿಟಕ್ ಅನ್ನಲಿಲ್ಲ. ಕಿರುಪರೀಕ್ಷೆಯಲ್ಲೂ ಫೇಲು. ಓದು ತಲೆಗೆ ಹತ್ತದಿದ್ದರೆ ಶಾಲೆ ಬಿಡಿಸುತ್ತೇನೆಂದು ಅವರಪ್ಪ ಬಂದು ಹೇಳಿಹೋದ. ಮಾವನಿಗೆ ಅನ್ನ ಸೇರಲಿಲ್ಲ.

"ಬಣ್ಣ ಸಾಲ್ದೇನೋ" ಎಂದು ಬಣ್ಣ ಹೆಚ್ಚಿಸಿದರು. "ಮನೇಲಿ ತಮಿಳು, ಕನ್ನಡ ತಲೇಗ್ ಓಗ್ತಿಲ್ವೇನೋ" ಎಂದು ನಡುನಡುವೆ ತಮಿಳು ಸೇರಿಸಿದರು. ಆಮೇಲೆ ಅಕ್ಷರಗಳು ನಾಲ್ಕು ದಿಕ್ಕಿನಿಂದ ಹಾರಿ ಬರತೊಡಗಿದವು! ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆ ಹುಡುಗಿ ಮಾತ್ರ ಪಿಳಿಪಿಳಿ ನೋಡುತ್ತ ಕೂತಿದ್ದಳು.

ಮೊನ್ನೆ ಕಾಮಗೆರೆಗೆ ಹೋದವನು ಹಾಗೇ ಮಾವನ ಶಾಲೆಗೂ ಹೋದೆ. ಸ್ಟಾಫ್ ರೂಮಿನಲ್ಲಿ ಅವರ ಲ್ಯಾಪ್‌ಟಾಪ್ ನೋಡಿ ಗಾಬರಿಯಾಯಿತು. ಅಂಚಿಲ್ಲ, ನವಿಲಿಲ್ಲ. ಬಲಗಡೆ ಒಂದು ಹೃದಯ, ನಾಲ್ಕು ಹೆಸರು. ಎಡಗಡೆ ಅರ್ಧಕ್ಕರ್ಧ ಬರೀ ಬಿಳಿ!

"ಯಾಕ್ ಮಾವ, ನೂಲು ಸಾಲ್ಲಿಲ್ವಾ?"

ಮಾವ ನಗಲಿಲ್ಲ. "ಪರದೆ ಕಡೆ ತಿರುಗ್ಕಂಡು ಆ ಕೂಸ್ನ ಒಂದು ಪ್ರಶ್ನೆ ಕೇಳ್ದೆ ಕಣ್ಲಾ. ಉತ್ರ ಇಲ್ಲ. ಸಿಟ್ಟಲ್ಲಿ ಇತ್ತಗೆ ತಿರುಗಿ ಅದ್ನೇ ಕೇಳ್ದೆ. ಟಕ್ ಅಂತ ಉತ್ರ ಏಳ್ಬುಟ್ಲು! ತಿರ್ಗಾ ಬೆನ್ನು ಮಾಡಿ ಕೇಳ್ದೆ, ಉತ್ರ ಇಲ್ಲ. ಅವ್ಳಿಗೆ ಕಿವಿ ಸರ್ಯಾಗಿ ಕೇಳ್ಸಲ್ಲ ಕಣ್ಲಾ, ಯಾರ್ಗೂ ಏಳಿಲ್ಲ. ಅಷ್ಟ್ ದಿನಾನೂ ನನ್ ತುಟಿ ನೋಡ್ಕಂಡೇ ಕಲ್ತವ್ಳೆ. ನಾನು ಕತ್ಲೆ ಮಾಡಿ, ಬೆನ್ನು ತೋರ್ಸ್ಕಂಡು ನವಿಲು ಓದ್ತಿದ್ದೆ. ಈ ಪರೀಕ್ಷೆಗಂಟ ಬುಡಿಸ್ಬ್ಯಾಡ ಅಂತ ಅವ್ರಪ್ಪನ್ ಕೈಕಾಲು ಇಡ್ದಿವ್ನಿ."

"ಸರಿ, ಈ ಬಿಳಿ ಜಾಗ ಯಾಕೆ?"

"ಬಾ ನೋಡೀವಂತೆ."

ಕ್ಲಾಸಿನ ಕೋಣೆ ಕತ್ತಲೆ ಮಾಡಿ, ಪ್ರೊಜೆಕ್ಟರ್ ಹಚ್ಚಿ ಮಾವ ನೆಟ್ಟಗೆ ಆ ಬಿಳಿ ಜಾಗದಲ್ಲಿ ಹೋಗಿ, ಮಕ್ಕಳಿಗೆ ಎದುರಾಗಿ ನಿಂತರು. ಬೆಳಕೆಲ್ಲ ಮುಖದ ಮೇಲೆ. ಕಣ್ಣು ಕುಕ್ಕಿ ನೀರು ಸುರಿಯುತ್ತಿದ್ದರೂ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಪಾಠ ಹೇಳಿದರು. ಮುಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಆ ಬೆಳಕಿನಲ್ಲಿ ಮಾವನಿಗೆ ಏನೂ ಕಾಣದು.

"ಯಾರವ್ವಾ, ಕೈ ಎತ್ತಿರೋರು?"

"ನಾನೇ ಸಾ" ಎಂದಳು ಅವಳು.