ಕರಿಬೇವಿಗಾಗಿ ಕಿಟ್ಟು ಕೈ ಎತ್ತಿದ್ದು

"ಈ ಸಲದ ಮೀಟಿಂಗಿನಲ್ಲಿ ನಾನು ವಿರೋಧಿಸಿಯೇ ಸೈ!"

ಘಾಟ್ಕೋಪರಿನ ಲಿಫ್ಟಿಲ್ಲದ ಬಿಲ್ಡಿಂಗು ನಡುಗುವಂತೆ ಕಿಟ್ಟು ಘೋಷಿಸಿದ. ಮೆಟ್ಟಿಲ ಮೇಲಿನ ಹೂಕುಂಡಗಳನ್ನೆಲ್ಲ ಎತ್ತಿಸಬೇಕೆಂದು ಸೊಸೈಟಿಯಲ್ಲಿ ಠರಾವು ಬರುವುದಿತ್ತು. 'ಕುಂಡಗಳೆಲ್ಲ' ಅಂದರೆ ಇದ್ದದ್ದು ಒಂದೇ, ಹೆಂಡತಿ ಪುಟ್ಟಲಕ್ಷ್ಮಿಯ ಕರಿಬೇವು. ಅವಳ ಅಮ್ಮ ಕೊನೆಯ ಸಲ ಬಂದಾಗ ಮೈಸೂರಿನಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಸಸಿ. ಅಮ್ಮ ಈಗಿಲ್ಲ. ಸಸಿ ಆಳೆತ್ತರ ಬೆಳೆದಿದೆ.

ಕಿಟ್ಟು ಭಾನುವಾರಗಳಲ್ಲಿ ಕನ್ನಡ ಸಂಘದ ಮಕ್ಕಳಿಗೆ ಮೇಷ್ಟ್ರು. ಯುದ್ಧಕ್ಕೆ ಮುಂಚೆ ಆಯುಧ ಮಸೆಯಬೇಡವೇ? ನಿಘಂಟು ಹರಡಿಕೊಂಡು ಕೂತ.

"ಕೇಳೇ, ವಿರೋಧಿಸು ಅನ್ನೋದರ ಮೂಲ ಸಂಸ್ಕೃತದ 'ರುಧ್'. ಅಂದ್ರೆ ತಡೆಯೋದು. ಪ್ರತಿಭಟಿಸು ಅಂದ್ರೆ ಎದುರಾಳಿ ಭಟನಾಗಿ ನಿಲ್ಲೋದು! ನಮ್ಮದೇ ಮಾತು ಬೇಕಂದ್ರೆ ಎದುರಿಸು, ಅಡ್ಡಗಟ್ಟು, ತಿರುಗಿಬೀಳು, ಸೆಡ್ಡು ಹೊಡಿ..."

"ಸುಮ್ನೆ 'ಬೇಡ' ಅಂದ್ರೆ ಸಾಲದೇನ್ರೀ?"

"ಬೇಡ! ಅದೂ ಒಂದು ಶಬ್ದವೇ?" ಹೆಂಡತಿಯ ಬಡ ಶಬ್ದಭಂಡಾರದ ಬಗ್ಗೆ ಅವನಿಗೆ ಕನಿಕರವಾಯಿತು.

ಸಂಜೆ ಪಾರ್ಕಿಂಗಿನಲ್ಲಿ ಕುರ್ಚಿಗಳು ಬಿದ್ದವು. ಸೆಕ್ರೆಟರಿ ಧನರಾಜ್, ಸಾಂತಾಕ್ರೂಜಿನಲ್ಲಿ ಹೋಟೆಲಿರುವ ಉಡುಪಿಯವರು, ಠರಾವು ಓದಿದರು. ಮಂಡಿಸಿದವರ ಜತೆ ಅನುಮೋದಿಸಲು ಇನ್ನೊಬ್ಬರು ಬೇಕು, ಇಲ್ಲದಿದ್ದರೆ ಠರಾವು ಅಲ್ಲೇ ಸತ್ತಂತೆ.

"ಪ್ರಪೋಸ್ ಮೈನೇ ಕಿಯಾ. ಸೆಕೆಂಡ್ ಕೌನ್ ಕರೇಗಾ?"

ಒಂದು ಕೈಯೂ ಏಳಲಿಲ್ಲ. ಕಿಟ್ಟು ತೆಪ್ಪಗಿದ್ದಿದ್ದರೆ ಗೆಲುವು ಮನೆಬಾಗಿಲಿಗೆ ಬರುತ್ತಿತ್ತು! ಆದರೆ ಅವನು ಮನಸ್ಸಿನಲ್ಲೇ 'ರುಧ್' ಧಾತುವನ್ನು ಉರು ಹೊಡೆಯುತ್ತಿದ್ದ. 'ಕೌನ್' ಎಂದದ್ದಷ್ಟೇ ಕಿವಿಗೆ ಬಿತ್ತು. ವಿರೋಧಿಸುವವರು ಯಾರು ಎಂದು ಕೇಳಿದರೆಂದುಕೊಂಡು ಕೈ ಎತ್ತಿ ಎದ್ದು ನಿಂತ.

"ಭಾರೀ ಒಳ್ಳೆದಾಯ್ತು ಕಿಟ್ಟಣ್ಣ!" ಧನರಾಜ್ ಬರೆದೇಬಿಟ್ಟರು.

"ಅಯ್ಯೋ, ನಾನು ಎದ್ದಿದ್ದು ವಿರೋಧಿಸೋಕೆ!"

"ಎಂತ ಮಾರಾಯ್ರೆ, ವಿರೋಧ ಮಾಡುವವರು ಸೆಕೆಂಡ್ ಮಾಡ್ತಾರಾ? ಬರ್ದಾಯ್ತಲ್ಲ!"

ಸಮಾನಾರ್ಥಕ ಪದಗಳೆಲ್ಲ ಒಟ್ಟಿಗೆ ಗಂಟಲಲ್ಲಿ ಸಿಕ್ಕಿಕೊಂಡು ಒಂದೂ ಹೊರಬರಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಪುಟ್ಟಲಕ್ಷ್ಮಿ ನಿಧಾನಕ್ಕೆ ಎದ್ದಳು. "ಠೀಕ್ ಹೈ. ಗಮ್ಲಾ ನಿಕಾಲ್ ದೇತೀ ಹೂಂ. ಕಲ್ ಸೇ ಕಡೀಪತ್ತಾ ಸಬ್ ಲೋಗ್ ಬಜಾರ್ ಸೇ ಲಾನಾ."

ಅಷ್ಟೇ. ಕುಂಡ ತೆಗೆದರೆ ನಾಳೆಯಿಂದ ಕರಿಬೇವು ಎಲ್ಲರೂ ಬಜಾರಿನಿಂದಲೇ ತರಬೇಕು! ದಿನಾ ಹೋಗುವಾಗ ಬರುವಾಗ ಆ ಗಿಡದಿಂದ ಒಂದೆಸಳು ಕಿತ್ತುಕೊಳ್ಳದ ಮನೆ ಬಿಲ್ಡಿಂಗಿನಲ್ಲಿ ಇರಲಿಲ್ಲ. ಮೊದಲು ಎದ್ದವರು ಧನರಾಜರ ಹೆಂಡತಿ ವಾರಿಜಾ.

"ಹೌದಾ? ನಾಳೆ ಸಾರಿನ ಒಗ್ಗರಣೆಗೆ ನಿಮ್ಮ ಠರಾವು ಹಾಕುದಾ?"

ಹಿಂದೆಯೇ ಢೋಕ್ಳಾ ಮಾಡುವ ಗುಜರಾತಿ ಬೆನ್, ಪೋಹೆ ಮಾಡುವ ಮರಾಠಿ ಕಾಕೂ ಎದ್ದರು. ಧನರಾಜ್ ಹಣೆಯೊರೆಸಿಕೊಂಡು ಠರಾವು ತಿದ್ದಿದರು. ಮೆಟ್ಟಿಲು ಖಾಲಿ ಮಾಡುವುದು, ಗಿಡವನ್ನು ಗೇಟಿನ ಪಕ್ಕದ ಮಣ್ಣಿನಲ್ಲಿ ನೆಡುವುದು.

ಮನೆಗೆ ಬಂದ ಕಿಟ್ಟು ತಲೆ ತಗ್ಗಿಸಿ ಕೇಳಿದ, "ಕೋಪಾನಾ?"

"ಯಾಕೆ? ಕುಂಡದೊಳಗೆ ಬೇರು ಸುತ್ತಿಕೊಂಡು ಒದ್ದಾಡ್ತಿತ್ತು. ಈ ಊರಲ್ಲಿ ನಮ್ಮಮ್ಮನ ಗಿಡಕ್ಕೆ ನೆಲ ಸಿಕ್ಕಿತಲ್ಲಾ! ನೀವು ಕೈ ಎತ್ತಿದ್ದಕ್ಕೇ ಸಿಕ್ಕಿದ್ದು."

ಕಿಟ್ಟುವಿನ ಕಣ್ಣು ತುಂಬಿ ಬಂತು. ಇಂಥವಳನ್ನು ಕಟ್ಟಿಕೊಳ್ಳಲು ತಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದುಕೊಂಡ.

ಅವಳು ಬಕೆಟ್ ತಂದು ಮುಂದಿಟ್ಟಳು. "ದಿನಾ ಬೆಳಗ್ಗೆ ಕೆಳಗಿಳಿದು ನೀರು ಹಾಕೋದು ನಿಮ್ಮ ಕೆಲಸ."

ವಿರೋಧಿಸು, ಪ್ರತಿಭಟಿಸು, ಎದುರಿಸು, ತಿರುಗಿಬೀಳು, ಎಲ್ಲವೂ ಮೂಲಸಮೇತ ಕಿಟ್ಟುವಿಗೆ ನೆನಪಿಗೆ ಬಂದವು.

"ಆಯ್ತು," ಅಂದ.