ಚೀಲ ಹೊರಟಿತು, ನಾನು ಉಳಿದೆ

ಈ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಮನೆಯ ಕೂಲರ್ ಹೊಗೆ ಬಿಟ್ಟು ಪ್ರಾಣವನ್ನೂ ಬಿಟ್ಟಿತು. ಅದೇ ಗಳಿಗೆಯಲ್ಲಿ ನಾನು ಭಾರತ ಬಿಡುವ ನಿರ್ಧಾರ ಮಾಡಿದೆ. ಇದೇನು ಸಣ್ಣ ನಿರ್ಧಾರವಲ್ಲ! ವಿಮಾ ಕಚೇರಿಯಲ್ಲಿ ಕೂತು ಊರವರ ಬಾಳಿಗೆಲ್ಲ ಭದ್ರತೆ ಕೊಟ್ಟು ನಿವೃತ್ತನಾದ ವೇದವ್ಯಾಸನೆಂಬ ನಾನು, ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಪಡಸಾಲೆಯಲ್ಲಿ ಬೆವರು ಸುರಿಯುವ ಬನಿಯನ್ನಿನಲ್ಲೇ ಎದ್ದು ನಿಂತು ಘೋಷಿಸಿದೆ:

"ಮಂಜುಷಾ, ಮುಂದಿನ ಬ್ಯಾಸಗಿಗಿ ನಾವು ಇಲ್ಲಿ ಇರಂಗಿಲ್ಲ. ಹೂಡಿಕೆದಾರರ ವೀಸಾ ತೊಗೊಂಡು ಹೊರದೇಶದಾಗ ಇರ್ತೀವಿ."

ನನ್ನ ಹೆಂಡತಿ ಜೋಳದ ಹಿಟ್ಟು ಸೋಸುತ್ತಿದ್ದಳು. ಜರಡಿ ನಿಲ್ಲಲಿಲ್ಲ.

"ಮೊದ್ಲ ಕೂಲರ್ ರಿಪೇರಿಯವನ್ನ ಕರೀರಿ," ಎಂದಳು.

ಹೂಡಿಕೆದಾರರ ವೀಸಾ ಎಂದರೆ ಏನೆಂದು ನಾನು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಯಾವುದಾದರೂ ದೇಶದಲ್ಲಿ ದೊಡ್ಡ ಗಂಟು ಹಾಕಿದರೆ ಆ ದೇಶ ನಮ್ಮನ್ನು ಇರಲು ಬಿಡುತ್ತದೆ. ದುಡಿಯಲು ಹೋಗುವವರು ಸಾಲಿನಲ್ಲಿ ನಿಲ್ಲಬೇಕು, ಗಂಟು ತಂದವರಿಗೆ ಕುರ್ಚಿ ಹಾಕುತ್ತಾರೆ. ನನ್ನ ಗಂಟು ಕಮಲಾಪುರದಲ್ಲಿತ್ತು. ರಸ್ತೆಗೆ ಹತ್ತಿದ ಕೆಂಪು ಬಾಳೆಯ ತೋಟ, ಕೊಳ್ಳುತ್ತೇವೆನ್ನುವವರು ಬೇಕಾದಷ್ಟು ಜನ. ತೊಡಕು ಒಂದೇ. ತೋಟ ನನ್ನದಲ್ಲ. ನನ್ನ ಮಾವ ಮದುವೆಯಲ್ಲಿ ಮಗಳ ಅರಿಷಿಣ-ಕುಂಕುಮಕ್ಕೆಂದು ಅವಳ ಹೆಸರಿಗೇ ಬರೆದುಕೊಟ್ಟದ್ದು. ಅದರ ಮೊದಲ ಗೊನೆ ಇವತ್ತಿಗೂ ನಮ್ಮ ದೇವರ ಮನೆಗೆ ಬರುತ್ತದೆ.

"ಅಪ್ಪ ತಾನ ನಿಂತು ಹಚ್ಚಿದ ತೋಟ ಅದು," ಎಂದಳು ಮಂಜುಷಾ, ರಾತ್ರಿ ಊಟಕ್ಕೆ ಬಡಿಸುತ್ತ. "ಅದನ್ನ ಮಾರಿ ನೀವು ತಂಪಾಗ್ತೀರಿ. ನಾ ಏನ್ ಆಗ್ಲಿ?"

"ನೀನೂ ತಂಪಾಗ್ತಿ."

ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ, ನಾನು ಊಹಿಸದಷ್ಟು ಮೆತ್ತಗೆ ಹೇಳಿದಳು. "ಆಯ್ತು. ಯಾವ ದೇಶ ಅಂತ ಒಂದು ಗಟ್ಟಿ ಮಾಡ್ರಿ. ಗಟ್ಟಿ ಮಾಡಿದ ದಿನ ಸಹಿ ಮಾಡ್ತೀನಿ."

ಗೆದ್ದೆ ಅಂದುಕೊಂಡೆ. ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಂದು ಅಂಗಿ ಆರಿಸಲು ಅಂಗಡಿಯ ಕಪಾಟುಗಳನ್ನೆಲ್ಲ ಕೆಳಗಿಳಿಸಿ, ಕಡೆಗೆ ಕರವಸ್ತ್ರ ಕೊಂಡು ಬರುವ ಗಂಡನ ಜೊತೆ ಅವಳು ಇಷ್ಟು ವರ್ಷ ಸಂಸಾರ ಮಾಡಿದ್ದಾಳೆಂಬುದು ನನಗೆ ಹೊಳೆಯಲೇ ಇಲ್ಲ.

ಮರುದಿನವೇ ಇಬ್ಬರೂ ಸೇಡಂ ರಸ್ತೆಯ ವೀಸಾ ಸಲಹೆಗಾರನ ಕಚೇರಿಗೆ ಹೋದೆವು. ಅತುಲ ಎಂಬ ಹುಡುಗ, ಆ ಬಿಸಿಲಿನಲ್ಲೂ ಕೋಟು ಹಾಕಿದ್ದ. ಒಂದು ಅರ್ಜಿ ಮುಂದಿಟ್ಟು ಕೇಳಿದ.

"ಕಾಕಾ, ಮುಖ್ಯ ಅರ್ಜಿದಾರರು ಯಾರ್ರಿ?"

"ನಾನು," ಎಂದೆ ಎದೆ ಸೆಟೆಸಿ.

"ಹಂಗಾದ್ರ ಕಾಕು ಡಿಪೆಂಡೆಂಟ್. ಅಂದ್ರ ನಿಮ್ಮ ಆಸರಕ್ಕ ಬರೋರು. ನೀವು ಇರೋ ತನಕ ಅಷ್ಟ ಅವರಿಗಿ ಅಲ್ಲಿ ಇರಾಕ ಬರ್ತದ."

ಮಂಜುಷಾ ಆ ಪದವನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು, "ಡಿಪೆಂಡೆಂಟ್."

ಅತುಲ ದೇಶಗಳನ್ನು ಬಿಚ್ಚಿ ಹರಡಿದ. ಗ್ರೀಸಿನಲ್ಲಿ ಮನೆ ಕೊಳ್ಳಬೇಕು. ದುಬೈನಲ್ಲಿಯೂ ಮನೆ ಕೊಳ್ಳಬೇಕು. ಮಲೇಷ್ಯಾದಲ್ಲಿ ಬ್ಯಾಂಕಿಗೆ ಠೇವಣಿ ಇಡಬೇಕು. ಇನ್ನೊಂದು ಪುಟ್ಟ ದ್ವೀಪದ ದೇಶವಿದೆ, ಅಲ್ಲಿಯ ಸರ್ಕಾರಕ್ಕೆ ದಾನ ಕೊಟ್ಟರೆ ಸಾಕು.

"ದಾನ ಕೊಡೋದಾದ್ರ ನಮ್ಮ ಮಠಕ್ಕ ಕೊಡ್ರಿ," ಎಂದಳು ಮಂಜುಷಾ. "ಊಟನಾದ್ರೂ ಹಾಕ್ತಾರ."

ದ್ವೀಪ ಹೋಯಿತು. ದುಬೈ ಹೆಸರು ಎತ್ತುತ್ತಲೇ, "ಕಲಬುರಗಿ ಬಿಸಿಲು ಸಾಲಲಿಲ್ಲೇನ್ರಿ ನಿಮಗ?" ಎಂದಳು. ದುಬೈಯೂ ಹೋಯಿತು. ಉಳಿದ ಎರಡರಲ್ಲಿ ನಾನು ಗಂಡೆದೆಯಿಂದ ಗ್ರೀಸನ್ನು ಆರಿಸಿದೆ.

ಇಷ್ಟರಲ್ಲಿ ನಮ್ಮ ಆತ್ಯಾ, ಅಂದರೆ ಸೋದರತ್ತೆ ಮುಕ್ತಾಬಾಯಿ, ಪಂಚಾಂಗ ಹಿಡಿದು ರಂಗಕ್ಕೆ ಬಂದಳು. ವಿಧವೆ, ನಮ್ಮ ಜೊತೆಗೇ ಇರುವವಳು. ಅವಳ ಮಾತು ಮೀರಿ ನಮ್ಮ ಮನೆಯಲ್ಲಿ ಸಾಸಿವೆಯೂ ಸಿಡಿಯುವುದಿಲ್ಲ.

"ಬಂಡು," ಎಂದಳು, ನನ್ನ ಎಳೆತನದ ಹೆಸರು ಹಿಡಿದು. "ಶುಕ್ರವಾರದಿಂದ ಗುರು ಅಸ್ತ. ಆಮ್ಯಾಲ ಹೊರಡಾಕ ಮುಹೂರ್ತನ ಇಲ್ಲ."

"ಆತ್ಯಾ, ವೀಸಾ ಬರಾಕ ಇನ್ನೂ ಎಷ್ಟೋ ತಿಂಗಳು ಹಿಡೀತದ."

"ನೀ ಆಮ್ಯಾಲ ಹೋಗು. ಇವತ್ತು ಪ್ರಸ್ಥಾನ ಇಡು."

ಪ್ರಸ್ಥಾನವೆಂದರೆ ನಮ್ಮ ಹಿರಿಯರು ಮಾಡಿಟ್ಟ ಜಾಣತನ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣದ ಚೀಲವನ್ನು ಮನೆಯಿಂದ ಹೊರಗೆ ಕಳಿಸಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಡುವುದು. ಚೀಲ ಹೊರಟಿತೆಂದರೆ ಮನುಷ್ಯ ಹೊರಟಂತೆ. ನಿಯಮ ಒಂದೇ: ಹಾಗೆ ಹೊರಟ ಚೀಲ, ಪ್ರಯಾಣ ಮುಗಿಯದೆ ಮತ್ತೆ ಹೊಸ್ತಿಲು ದಾಟಿ ಒಳಗೆ ಬರಕೂಡದು. ಆತ್ಯಾ ನನ್ನ ನೀಲಿ ಚೀಲದಲ್ಲಿ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು ಇಟ್ಟಳು. ನಾನು ಉತ್ಸಾಹದಲ್ಲಿ ಪಾಸ್‌ಪೋರ್ಟು, ಒಳ್ಳೆಯ ಅಂಗಿಗಳು ಮತ್ತು ಹೊಸ ಕನ್ನಡಕವನ್ನೂ ಅದರಲ್ಲಿಟ್ಟೆ.

ಗ್ರೀಸ್ ಪಶ್ಚಿಮಕ್ಕೆ. ನಮ್ಮ ಪಶ್ಚಿಮಕ್ಕೆ, ಪಕ್ಕದಲ್ಲೇ, ಗೆಳೆಯ ಖಮರುದ್ದೀನನ ಮನೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ವಿಷಯ ಕೇಳಿದ್ದೇ ತಡ, ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಪಾಟಿನ ಮೇಲಿಟ್ಟ. ಅವನ ತಾಯಿ ಇಕ್ಬಾಲ್ ಬೇಗಂ ನನ್ನನ್ನು ಹತ್ತಿರ ಕರೆದು, ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ನನ್ನ ತೋಳಿಗೆ ಪ್ರಯಾಣದ ರಕ್ಷೆಯಾದ ಇಮಾಮ್ ಜಾಮಿನ್ ಕಟ್ಟಿದಳು.

"ಬೇಟಾ, ಹೋದ ಊರಾಗ ಸಲಾಮತ್ ಇಳಿದ ಮ್ಯಾಲ ಬಿಚ್ಚು. ಪೈಸಾ ಯಾರರ ಗರೀಬರಿಗಿ ಕೊಡು. ನಡುವ ಬಿಚ್ಚಬ್ಯಾಡ."

ಆ ಮುದುಕಿಯ ಕಣ್ಣು ತುಂಬಿದ್ದವು. ನನ್ನವೂ ತುಂಬಿದವು. ನಮ್ಮ ಮನೆಯ ಕಿಟಕಿಯಲ್ಲಿ ನಿಂತ ಮಂಜುಷಾಳ ಕಣ್ಣು ಮಾತ್ರ ಒಣಗಿದ್ದವು.

ಚೀಲ ಹೊರಟ ಸುದ್ದಿ ಕೇಳಿ ಗಾಜಿಪುರಕ್ಕೆ ಗಾಜಿಪುರವೇ ನನಗೆ ವಿದಾಯ ಹೇಳಿತು. ಮನೆಮನೆಗೆ ಊಟಕ್ಕೆ ಕರೆದರು. ಮಂಜುಷಾಳ ಉಡಿ ತುಂಬಿದರು. ಆಗ ಅತುಲನ ಫೋನು ಬಂತು.

"ಕಾಕಾ, ನಿಮ್ಮ ರೊಕ್ಕದಾಗ ಬರೋ ಮನಿ ದ್ವೀಪದಾಗ ಅದ. ದೋಣ್ಯಾಗ ಹೋಗಬೇಕಾಗ್ತದ. ಗಟ್ಟಿ ಮಾಡ್ಲೇನು?"

ಗಾಣಗಾಪುರದಲ್ಲಿ ಭೀಮೆ ದಾಟಲು ದೋಣಿ ಹತ್ತಿ, ದಡ ಬಿಡುವ ಮೊದಲೇ ವಾಂತಿ ಮಾಡಿದವನು ನಾನು. ಗ್ರೀಸ್ ಬೇಡವೆಂದೆ. ಮಲೇಷ್ಯಾ ನೋಡೋಣವೆಂದೆ.

"ಮಲೇಷ್ಯಾ ಯಾವ ದಿಕ್ಕು?" ಎಂದಳು ಆತ್ಯಾ.

"ಆಗ್ನೇಯ."

"ಹಂಗಾದ್ರ ಚೀಲ ಪಶ್ಚಿಮಕ್ಕ ಯಾಕದ?"

ನಮ್ಮ ಆಗ್ನೇಯಕ್ಕೆ ಪರಿಚಯದ ಜಾಗವೆಂದರೆ ಸೇಡಂ ರಸ್ತೆಯ ಅತುಲನ ಕಚೇರಿಯೇ. ಚೀಲ ಹೊತ್ತು, ನಮ್ಮ ಮನೆಯ ಮುಂದೆಯೇ ಹಾದು, ಒಳಗೆ ಇಣುಕದೆ ನಡೆದೆ. ನನ್ನ ಬಾಗಿಲ ಮುಂದೆ ನಾನೇ ಪರರಂತೆ ಹೆಜ್ಜೆ ಬಿರುಸು ಮಾಡಿದೆ.

ಅಲ್ಲಿಂದ ನನ್ನ ಬಾಳು ಹಾಳಾಯಿತು. ಒಳ್ಳೆಯ ಅಂಗಿಗಳೆಲ್ಲ ಪ್ರಯಾಣದಲ್ಲಿದ್ದವು. ನೆಂಟರ ಮನೆಯ ಮುಂಜಿಗೆ ಗುಂಡಿ ಹೋದ ಅಂಗಿಯಲ್ಲಿ ಹೋದೆ. ಕನ್ನಡಕವೂ ಪ್ರಯಾಣದಲ್ಲಿತ್ತು. ಹೆಂಡತಿಯ ಕನ್ನಡಕ ಹಾಕಿಕೊಂಡು ಮಲೇಷ್ಯಾದ ನಿಯಮ ಓದಿದೆ. ಸ್ನಾನ ಮಾಡುವಾಗ ತೋಳಿನ ಇಮಾಮ್ ಜಾಮಿನ್ ನೆನೆಯದಂತೆ ಕೈ ಮೇಲೆತ್ತಿ ನಿಲ್ಲಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಸಂಕಟ ಜನರದ್ದು. ಊಟ ಹಾಕಿ ಕಳಿಸಿದವರ ಎದುರು ಮರುವಾರ ಬದನೆಕಾಯಿ ಆರಿಸುತ್ತ ನಿಂತರೆ ಅವರಾದರೂ ಏನು ಮಾಡಬೇಕು?

"ಇನ್ನೂ ಹೋಗಿಲ್ಲೇನ್ರಿ ವ್ಯಾಸರಾವ್?"

"ಹೊರಟೀನಿ," ಎನ್ನುತ್ತಿದ್ದೆ. ಸುಳ್ಳೇನಲ್ಲ, ಚೀಲ ಹೊರಟಿತ್ತಲ್ಲ. ಆಮೇಲಾಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಾಡತೊಡಗಿದೆ. ಟವೆಲಿನ ಮೇಲಿಂದಲೇ ಗುರುತು ಹಿಡಿದು ಕೇಳಿದರು.

ಮನೆಯಲ್ಲಿ ಮಂಜುಷಾ ದಿನಾ ಸಂಜೆ ಚಹಾ ಕೊಟ್ಟು ಒಂದೇ ಮಾತು ಕೇಳುತ್ತಿದ್ದಳು. "ಮಲೇಷ್ಯಾ ಗಟ್ಟಿ ಏನ್ರಿ? ಸಹಿ ಮಾಡ್ಲಿ?" ಗಟ್ಟಿ ಎಂದು ಒಂದು ಮಾತು ಹೇಳಿದ್ದರೆ ತೋಟ ಹೋಗುತ್ತಿತ್ತು. ಅವಳು ಪೆನ್ನು ಹಿಡಿದೇ ಕೇಳುತ್ತಿದ್ದಳು. ನಾನು ಮಾತ್ರ, "ಅಲ್ಲಿ ದಿನಾ ಮಳಿಯಂತ, ನನಗ ನೆಗಡಿ," ಎನ್ನುತ್ತಿದ್ದೆ. ಮರುದಿನ, "ಗ್ರೀಸ್‌ನಾಗ ಗುಡ್ಡದ ಮ್ಯಾಲೂ ಮನಿ ಇರ್ತಾವೇನೋ," ಎನ್ನುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಅತುಲನ ತಾಳ್ಮೆ ಸತ್ತಿತು. ಫೋನು ಮಾಡಿದ.

"ಕಾಕಾ, ಕೈ ಮುಗೀತೀನಿ. ನಿಮ್ಮ ಚೀಲದಾಗಿನ ಅಕ್ಕಿಗಿ ಆಫೀಸಿನ್ಯಾಗ ಇಲಿ ತುಂಬ್ಯಾವ. ಕೆನಡಾಕ್ಕ ಹೊಂಟವರ ಕಾಗದ ಕಡದಾವ. ಚೀಲ ಆಟೋದಾಗ ಹಾಕಿ ಕಳಿಸೀನಿ."

ನಾನು ಬಾಗಿಲಿಗೆ ಓಡುವಷ್ಟರಲ್ಲಿ ಮಕ್ಬೂಲನ ಆಟೋ ಬಂದೇಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಚೀಲ ಒಬ್ಬಂಟಿ ಕೂತಿತ್ತು. ನಾನು ಅದನ್ನೆತ್ತಿ ಮೆಟ್ಟಿಲು ಹತ್ತಿದೆ. ಆತ್ಯಾ ಹೊಸ್ತಿಲಿಗೆ ಅಡ್ಡ ಕೈಚಾಚಿ ನಿಂತಳು.

"ಪ್ರಯಾಣ ಮುಗದದೇನು?"

"ಆತ್ಯಾ, ಇಲಿ ಹತ್ಯಾವ ಇದಕ್ಕ."

"ಹೆಗ್ಗಣ ಹತ್ತಲಿ. ಹೋದ ಚೀಲ ಹಂಗ ಒಳಗ ಬರಂಗಿಲ್ಲ."

ಓಣಿ ಸೇರಿತು. ಖಮರುದ್ದೀನ್ ಬಂದ. ಇಕ್ಬಾಲ್ ಬೇಗಂ ಕಿಟಕಿಯಿಂದ, "ಬೇಟಾ, ಬಿಚ್ಚಿಲ್ಲ ಅಲ್ಲ?" ಎಂದು ತೋಳಿನ ವಿಚಾರಣೆ ಮಾಡಿದಳು. ಅಂಗಿ ಇಲ್ಲ, ಕನ್ನಡಕ ಇಲ್ಲ, ದೇಶ ಇಲ್ಲ. ಈಗ ಸ್ವಂತ ಮನೆಗೂ ಪ್ರವೇಶವಿಲ್ಲ. ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾಗಿಯೂ ಬಂತು.

"ಸಾಬ್, ಮೀಟರ್ ಓಡಾಕತ್ತದ. ಎಲ್ಲಿಗಿ?" ಎಂದ ಮಕ್ಬೂಲ್.

ಆಗ ಮಂಜುಷಾ ಒಳಗಿನಿಂದ ಬಂದಳು. ಕೈಯಲ್ಲಿ ನೀರಿನ ಬಾಟಲಿ, ರೊಟ್ಟಿಯ ಗಂಟು. ಆಟೋದಲ್ಲಿ ಕೂತು, ಪಕ್ಕದ ಜಾಗ ತೋರಿಸಿ ನನಗೆ ಹೇಳಿದಳು, "ಹತ್ರಿ." ಮಕ್ಬೂಲನಿಗೆ ಹೇಳಿದಳು, "ಕಮಲಾಪುರಕ್ಕ ನಡೀರಿ."

"ಕಮಲಾಪುರ ಈಶಾನ್ಯ," ಎಂದಳು ಆತ್ಯಾ, ಪಂಚಾಂಗ ನೋಡದೆಯೇ. "ದೇವಮೂಲಿ. ಚಲೋ ಆಗ್ತದ."

ಹೀಗೆ ನನ್ನ ವಿದೇಶ ಪ್ರಯಾಣ ಆಟೋದಲ್ಲಿ ನೆರವೇರಿತು. ಕಮಲಾಪುರದಲ್ಲಿ ಇಳಿದ ಕೂಡಲೇ ಇಮಾಮ್ ಜಾಮಿನ್ ಬಿಚ್ಚಿ, ರಸ್ತೆ ಬದಿಗೆ ಕೂತಿದ್ದ ಮುದುಕಿಗೆ ನಾಣ್ಯ ಕೊಟ್ಟೆ. ತೋಟದಲ್ಲಿ, ಬಾಳೆಯ ನೆರಳಿನಲ್ಲಿ ಕೂತು, ಪ್ರಯಾಣ ಮುಗಿಯಿತೆಂದು ಚೀಲ ಬಿಚ್ಚಿದೆ. ಅಂಗಿಗಳಿಗೆ ತೂತು ಬಿದ್ದಿದ್ದವು. ಪಾಸ್‌ಪೋರ್ಟಿನಲ್ಲಿ ನನ್ನ ಒಂದು ಕಿವಿ, ಅರ್ಧ ಗಲ್ಲ ಇಲಿಯ ಪಾಲಾಗಿತ್ತು. ಉಳಿದ ಅರ್ಧ ಮುಖವನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೂತೆ. ಅಲ್ಲಿ ತಂಪಾಗಿತ್ತು ಅನ್ನುವುದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಮಂಜುಷಾ ಅಪ್ಪ ಹಚ್ಚಿದ ಸಾಲಿನಲ್ಲಿ ಒಬ್ಬಳೇ ನಡೆದು ಹೋಗಿ, ಒಂದೊಂದು ಗಿಡವನ್ನೂ ಮುಟ್ಟಿ ನೋಡಿ ಬಂದಳು. ತೋಟವನ್ನು ಪಾಲಿಗೆ ಮಾಡುವ ಅಣವೀರಪ್ಪ ನೀರು ತಂದುಕೊಟ್ಟು ನಿಂತ.

"ಇಲ್ಲೇ ಇರಬಹುದಲ್ಲ, ಮಂಜುಷಾ," ಎಂದೆ ಸಣ್ಣ ದನಿಯಲ್ಲಿ. "ಆ ಊರಿಗಿ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇಲ್ಲಿ ಇರೋದಾದ್ರ ಹೂಡಿಕೆ ಮಾಡಬೇಕಾಗ್ತದ. ಬೋರಿನ ಮೋಟರ್ ಸುಟ್ಟದ."

"ಮಾಡ್ತೀನಿ," ಎಂದೆ. ಮೊದಲ ಸಲ, ಒಂದೇ ಏಟಿಗೆ ಒಂದು ನಿರ್ಧಾರ!

ಅಣವೀರಪ್ಪ ನನ್ನ ಗುಂಡಿಯಿಲ್ಲದ ಅಂಗಿಯನ್ನೂ ತೂತು ಬಿದ್ದ ಪಾಸ್‌ಪೋರ್ಟನ್ನೂ ನೋಡಿ, ಅವಳ ಕಡೆ ತಿರುಗಿ ಕೇಳಿದ. "ಅಕ್ಕಾರ, ಸಾಹೇಬ್ರು ಇಲ್ಲೇ ಇರ್ತಾರೇನ್ರಿ?"

"ಇರ್ಲಿ ಬಿಡು. ತೋಟಕ್ಕ ಮುಖ್ಯ ಅರ್ಜಿದಾರಳು ನಾ. ಅವರು ನನ್ನ ಡಿಪೆಂಡೆಂಟ್."

"ಎಷ್ಟ ದಿನ ರೀ?"

ಮಂಜುಷಾ ಒಂದು ಕೆಂಪು ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟಳು.

"ನಡವಳಿಕಿ ನೋಡಿ, ವರ್ಷಾ ವರ್ಷಾ ರಿನ್ಯೂವಲ್ ಮಾಡ್ತೀನಿ."