ಗುರುಸಿದ್ದನ ಅಸಲಿ ಮಾಲು

ಮಾನ್ವಿಯ ಅಕ್ಕಿ ದಲ್ಲಾಳಿ ಗುರುಸಿದ್ದನ ಮಾನ ಹರಾಜಿಗೆ ಬಂದದ್ದು ಅವನದೇ ಹೆಬ್ಬೆರಳಿನಿಂದ.

ಅವತ್ತು ಮಧ್ಯಾಹ್ನ ರಾಯಚೂರಿನ ಆಸ್ಪತ್ರೆಯಲ್ಲಿ ಅವನ ಕರುಳಿನೊಳಕ್ಕೆ ಹಿಂಬಾಗಿಲಿನಿಂದ ಕ್ಯಾಮೆರಾ ಬಿಡುವವರಿದ್ದರು. ಅದಕ್ಕೆ ಹೊಟ್ಟೆ ಬೆಳಗಿಟ್ಟ ತಂಬಿಗೆಯಂತಿರಬೇಕೆಂದು ಅವನ ಫೋನಿಗೊಂದು ಆ್ಯಪ್ ಹಾಕಿಕೊಟ್ಟಿದ್ದರು. ಅದು ಬೀಗರಿಗಿಂತ ಜಾಸ್ತಿ ಉಪಚಾರ ಮಾಡಿತು: "ಈಗ ಔಷಧಿ ಕುಡಿಯಿರಿ. ಇನ್ನೊಂದು ಲೋಟ ಕುಡಿಯಿರಿ." ಕುಡಿದದ್ದು ಒಳಗೆ ಸುಮ್ಮನೆ ಕೂರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಲೂ ಅಂಥ ಸದ್ದಾಗಿರಲಿಲ್ಲ. ಪಕ್ಕದ ಮನೆಯ ಎಮ್ಮೆ ಹೆದರಿ ಹಗ್ಗ ಹರಿದುಕೊಂಡಿತು. ನಂಬಿಕೆ ಬರದಿದ್ದರೆ ಎಮ್ಮೆಯನ್ನೇ ಕೇಳಿ.

ಆ್ಯಪ್ಪಿನ ಕಡೆಯ ಷರತ್ತು ಒಂದಿತ್ತು. ಹೊರಬಿದ್ದದ್ದನ್ನು ಆಸ್ಪತ್ರೆಯವರು ಕೊಟ್ಟ ಪಾರದರ್ಶಕ ಲೋಟದಲ್ಲಿ ಹಿಡಿದು ಫೋಟೋ ಕಳಿಸಬೇಕು. ತಿಳಿಯಾಗಿದ್ದರೆ ಪರೀಕ್ಷೆ, ಇಲ್ಲವಾದರೆ ಔಷಧಿ ಮೊದಲಿನಿಂದ. ಇನ್ನೊಮ್ಮೆ ಕುಡಿಯುವುದಕ್ಕಿಂತ ಕೃಷ್ಣಾ ನದಿಗೆ ಹಾರುವುದೇ ಮೇಲೆಂದು ಗುರುಸಿದ್ದ ತೀರ್ಮಾನಿಸಿದ್ದ.

ಕೊನೆಗೂ ಬಂತು ನೋಡಿ, ಕರಗಿಸಿದ ಬಂಗಾರ! ಹಿಗ್ಗಿನಲ್ಲಿ ಫೋಟೋ ತೆಗೆದು ಒತ್ತಿಯೇಬಿಟ್ಟ. ಆದರೆ ದಿನಾ ಅಕ್ಕಿ ಸ್ಯಾಂಪಲ್ ಕಳಿಸಿ ಪಳಗಿದ ಬೆರಳು. ಫೋಟೋ ನೆಟ್ಟಗೆ ಹೋದದ್ದು ಬಜಾರಿನ ವ್ಯಾಪಾರಿಗಳ ಗ್ರೂಪಿಗೆ.

ಕೈ ತೊಳೆಯುವಷ್ಟರಲ್ಲಿ ಆ ಗ್ರೂಪಿನ ವ್ಯಾಪಾರಿ ಸತ್ತಾರ್ ಸಾಬ್ ಫೋನು.

"ಅರೇ ಗುರುಸಿದ್ದಪ್ಪಾ, ಏನ್ ಮಾಲ್ ಹಾಕೀಯೋ! ತೌಡಿನ ಎಣ್ಣಿ ಧಂದಾ ಯಾವಾಗ ಶುರು ಮಾಡಿದಿ?"

ಫೋಟೋ ಎಲ್ಲಿಗೆ ಹೋಗಿದೆಯೆಂದು ತಿಳಿದು ಹೋಗಿದ್ದ ಜೀವ, 'ಎಣ್ಣಿ' ಎಂದದ್ದೇ ಮರಳಿ ಬಂತು. "ಹೂಂ ಸಾಬ್ರೇ... ಎಣ್ಣೀನ ಅದು. ಮನ್ಯಾಗ ತಗದದ್ದು."

"ಬಣ್ಣಾನ ಹೇಳ್ತದ ಬಿಡು. ಕಲಬೆರಕಿ?"

"ಒಂದ್ ಹನಿ ಇಲ್ರೀ!"

ಅಷ್ಟೇ ಸಾಕಾಯಿತು. ಅರ್ಧ ಬಜಾರು ಬಾಗಿಲಿಗೆ ಬಂದು ನಿಂತಿತು. ಅಕ್ಕಿಯಾದರೆ ಅಗಿದು, ಎಣ್ಣೆಯಾದರೆ ನೆಕ್ಕಿ ನೋಡದೆ ಅವರ‍್ಯಾರೂ ಮಾತು ಮುಗಿಸುವವರಲ್ಲ.

"ನಾಲಿಗಿ ಮ್ಯಾಲ ಒಂದ್ ಹನಿ ಬಿಡಪಾ," ಎಂದ ಸತ್ತಾರ್ ಸಾಬ್.

ಗುರುಸಿದ್ದ ಹೊಟ್ಟೆ ಹಿಡಿದುಕೊಂಡು ಪಾಯಖಾನೆಗೆ ಓಡಿದ. ಬಂದ. ಮತ್ತೆ ಓಡಿದ.

"ನೋಡ್ರೆಪಾ, ಕೇಳಿದಾಗೊಮ್ಮೆ ಅಲ್ಲೇ ಓಡ್ತಾನ. ಸ್ಟಾಕ್ ಅಲ್ಲೇ ಅದ!" ಎಂದು ಗುಂಪಿನಲ್ಲೊಬ್ಬ ಕೂಗಿದ.

ಹೆಂಡತಿ ಉಮಾದೇವಿ ಗಂಡನ ಮಾನ ಉಳಿಸಲು ಅಡುಗೆಮನೆಯ ಎಣ್ಣೆಯನ್ನೇ ಬಟ್ಟಲಲ್ಲಿ ತಂದಳು. ಸತ್ತಾರ್ ಸಾಬ್ ನೆಕ್ಕಿ ಮುಖ ಕಿವುಚಿದ. "ಇದಲ್ಲವ್ವಾ. ಅಸಲಿ ಮಾಲು ದೇವದುರ್ಗದ ವ್ಯಾಪಾರಿಗಳಿಗೆ ಕೊಟ್ಟು ನಮಗಿದನ್ನ ನೆಕ್ಕಸ್ತೀರೇನು? ತಡಿ, ಅವರನ್ನ ಕೇಳ್ತೀನಿ." ಫೋಟೋ ದೇವದುರ್ಗಕ್ಕೆ ಹಾರಿತು.

ಆ ಗದ್ದಲದಲ್ಲಿ ಗುರುಸಿದ್ದ ಹಿತ್ತಲ ಗೋಡೆ ಜಿಗಿದು ರಾಯಚೂರಿನ ಬಸ್ ಹತ್ತಿದ. ದಾರಿಯಲ್ಲಿ ಅದೇ ಫೋಟೋವನ್ನು ಆ್ಯಪ್ಪಿಗೂ ಕಳಿಸಿದ. ರಸ್ತೆಯ ಪ್ರತಿ ಗುಂಡಿಗೂ ಒಂದೊಂದು ದೇವರಿಗೆ ಹರಕೆ ಹೊತ್ತ. ರಾಯಚೂರು ಮುಟ್ಟುವಷ್ಟರಲ್ಲಿ ಮುಕ್ಕೋಟಿ ದೇವರೂ ಮುಗಿದು ಹೋಗಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ಸೈಮಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಕಲ್, ಹಿಂಗ ಮೋಸ ಮಾಡಬಾರದ್ರೀ."

"ಏನ್ ಮೋಸವ್ವಾ?"

ಅವಳು ತನ್ನ ಫೋನನ್ನೇ ಅವನ ಮುಖದ ಮುಂದೆ ಹಿಡಿದಳು. ರಾಯಚೂರಿನ ಎಣ್ಣೆ ವ್ಯಾಪಾರಿಯಾದ ಅವಳ ಅಪ್ಪನ ಸ್ಟೇಟಸ್ಸು. ದೇವದುರ್ಗ ದಾಟಿ ಬಂದ ಅದೇ ಲೋಟ, ಅದೇ ಬಂಗಾರ. ಕೆಳಗೆ: 'ಮಾನ್ವಿಯ ಅಸಲಿ ತೌಡಿನ ಎಣ್ಣೆ. ಶೀಘ್ರದಲ್ಲೇ ನಮ್ಮಲ್ಲಿ ಲಭ್ಯ.'

"ನಮ್ಮ ಅಬ್ಬಾನ ಅಂಗಡಿ ಎಣ್ಣಿ ಫೋಟೋ ಕಳಿಸಿ ಹೊಟ್ಟಿ ಕ್ಲೀನ್ ಆಗ್ಯದ ಅಂತೀರಿ?"

"ಅದು ಎಣ್ಣಿ ಅಲ್ಲಬೇ ಯವ್ವಾ! ನಂದು! ದೇವರಾಣಿ ನಂದು!" ಗುರುಸಿದ್ದ ಕೂಗಿದ್ದಕ್ಕೆ ಇಡೀ ಆಸ್ಪತ್ರೆ ತಿರುಗಿ ನೋಡಿತು.

"ಹಂಗಾದ್ರ ಈಗ ತೋರಸ್ರಿ," ಎಂದು ಹೊಸ ಲೋಟ ಕೈಗಿಟ್ಟಳು.

ಬೆಳಗಿನಿಂದ ಕರೆಯದೆಯೇ ಬಂದದ್ದು, ಈಗ ಕೈಮುಗಿದು ಕರೆದರೂ ಬರಲಿಲ್ಲ. ಖಾಲಿ ಲೋಟ ಹಿಡಿದು ಪಾಯಖಾನೆಯಿಂದ ಹೊರಬಂದವನ ಕೈಗೆ ಸೈಮಾ ಔಷಧಿಯ ಹೊಸ ಪೊಟ್ಟಣ ತುರುಕಿದಳು. "ರಾತ್ರಿ ಮೊದಲಿನಿಂದ ಕುಡೀರಿ. ನಾಳಿಗೆ ಬರ‍್ರಿ."

ಬೆಂಚಿನ ಮೇಲೆ ಕುಸಿದು ಕೂತಾಗ ಸತ್ತಾರ್ ಸಾಬ್ ಕರೆಗೆ ಫೋನು ಮತ್ತೆ ಬಡಿದುಕೊಂಡಿತು.

"ಸಿಟ್ಟಾಗಬ್ಯಾಡಪ್ಪಾ. ದೇವದುರ್ಗ, ರಾಯಚೂರು ಎಲ್ಲಾ ಕಡಿಂದ ಆರ್ಡರ್ ಬಂದಾವ. ಅಸಲಿ ಮಾಲು ಯಾವಾಗ ಸಿಗ್ತದ, ಅಷ್ಟು ಹೇಳು."

ಗುರುಸಿದ್ದ ಪೊಟ್ಟಣದ ಕಡೆ ನೋಡಿದ. ಹಾರೋಣವೆಂದರೆ ಕೃಷ್ಣೆ ದೂರವಿದ್ದಳು.

"ನಾಳಿ ಮುಂಜಾನಿ ಬರ‍್ರಿ, ಸಾಬ್ರೇ."